ಹೆಬ್ಬೆರಳಿನ ಬುಡ

"ಹೆಬ್ಬೆರಳನ್ನ ಒಳಗೆ ಮಡಚಿ. ಅದರ ಮೇಲೆ ನಾಲ್ಕು ಬೆರಳು ಮುಚ್ಚಿ. ಹಾಂ, ಈಗ ಮುಷ್ಟಿಯನ್ನ ಕಿರುಬೆರಳಿನ ಕಡೆಗೆ ಬಗ್ಗಿಸಿ."

ಹೂವಮ್ಮ ಬಗ್ಗಿಸಿದಳು. ಮಣಿಕಟ್ಟಿನ ಅಂಚಿನಲ್ಲಿ ಕಾದ ತಂತಿ ಎಳೆದಂತಾಯಿತು. "ಅಯ್ಯಯ್ಯೋ, ಬಿಡಿ ಮಾರಾಯ್ರೆ!" ಎಂದು ಬೆಂಚಿನಿಂದ ಎದ್ದೇ ನಿಂತಳು.

ಬಾಗಿಲಲ್ಲಿದ್ದ ಗಂಡ ಜಟ್ಟಪ್ಪ ನಕ್ಕ. "ಹೆರಿಗೇಲೂ ಇಷ್ಟು ಕೂಗಿರ್ಲಿಲ್ಲ ಇವಳು."

"ನೀವು ಗದ್ದೆ ಕಡಿಗೆ ಓಡಿದ್ರಿ. ನಿಮಗೆಲ್ಲಿ ಕೇಳ್ಬೇಕು!"

ಡಾಕ್ಟರ್ ಮಹಾಗಣಪತಿ ಓದು ಮುಗಿಸಿ ಸಾಗರಕ್ಕೆ ಬಂದು ವರ್ಷವಾಗಿರಲಿಲ್ಲ. "ಕೈಗೆ ಎಂತ ಕೆಲಸ ಕೊಟ್ರಿ?" ಎಂದು ಕೇಳಿದರು.

"ಹನ್ನೆರಡು ದಿನದಿಂದ ಗೋಡೆಗೆ ಹಸೆ ಬರೀತಿದೀನಿ."

ಓರಗಿತ್ತಿ ರಂಗಮ್ಮನ ಮಗಳ ಮದುವೆಗೆ ಇನ್ನು ಐದೇ ದಿನ. ಅಣೆಕಟ್ಟಿನ ನೀರಿಗೆ ಊರು ಮುಳುಗಿದ ಮೇಲೆ ಇತ್ತ ಬಂದು ಕಟ್ಟಿದ ಮನೆಯಲ್ಲಿ ಇದು ಮೊದಲ ಮದುವೆ. ಮದುಮಕ್ಕಳು ಕೂರುವ ಜಾಗದ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ, ಎಳೆಯ ಪಕ್ಕಕ್ಕೆ ಎಳೆ ಬರೆಯುತ್ತ ಅರ್ಧಕ್ಕೆ ಬಂದಾಗ ಹೂವಮ್ಮನ ಹೆಬ್ಬೆರಳು ಕುಂಚ ಒತ್ತಿ ಹಿಡಿಯಲಾರದೆ ಹೋಯಿತು. ಅವರ ಮನೆತನದಲ್ಲಿ ಒಂದು ಹಸೆಗೆ ಒಂದೇ ಕೈ. ಶುರು ಮಾಡಿದವಳೇ ಮುಗಿಸಬೇಕು. ಇಲ್ಲವಾದರೆ ಅಷ್ಟನ್ನೂ ಅಳಿಸಿ ಇನ್ನೊಬ್ಬಳು ಮೊದಲಿನಿಂದ ಬರೆಯಬೇಕು. ಐದು ದಿನದಲ್ಲಿ ಅದು ಆಗುವ ಮಾತಲ್ಲ.

"ಎಡಗೈಲಿ ಬರಿ ಅಂದ್ರೆ ಕೇಳಲ್ಲ," ಎಂದ ಜಟ್ಟಪ್ಪ.

"ಮದುವೆ ಹಸೆ ಎಡಗೈಲಾ? ನೀವು ಎಡಗೈಲಿ ಧಾರೆ ಎರೀರಿ, ಆಮೇಲೆ ನೋಡನ."

ಡಾಕ್ಟರು ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದರು. ಒಳಗೆ ತಂತಿಯಲ್ಲಿ ಪೋಣಿಸಿದ ಕೈಯ ಮೂಳೆಗಳು. ಜಟ್ಟಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಹೂವಮ್ಮ ಮುಂದೆ ಬಂದಳು.

"ಹೆಬ್ಬೆರಳು ಶುರುವಾಗೋದು ಅಂಗೈಯ ಅಂಚಲ್ಲಲ್ಲ. ಇಲ್ಲಿ, ಮಣಿಕಟ್ಟಿನಲ್ಲಿ. ಕುದುರೆ ಜೀನಿನ ಮೇಲೆ ಸವಾರ ಕೂತ ಹಾಗೆ ಈ ಉದ್ದ ಮೂಳೆ ಈ ಪುಟ್ಟ ಮೂಳೆ ಮೇಲೆ ಕೂತಿದೆ. ಅದಕ್ಕೇ ಅತ್ತಿತ್ತ ಹೊರಳಿ ಮಿಕ್ಕ ನಾಲ್ಕೂ ಬೆರಳಿನ ತುದಿ ಮುಟ್ಟುತ್ತೆ. ಅದನ್ನ ಹೊರಗೆ ಎಳೆಯೋ ಎರಡು ಹುರಿ ಇಲ್ಲೊಂದು ಇಕ್ಕಟ್ಟಾದ ಕೊಳವೆಯಲ್ಲಿ ಹಾದು ಬರ್ತಾವೆ. ನಿಮಗೆ ಆ ಕೊಳವೆ ಬಾತಿದೆ. ಹುರಿ ಉಜ್ಜುತ್ತಿದೆ."

ಹೂವಮ್ಮ ಮಣಿಕಟ್ಟಿನ ಮೂಳೆಗಳನ್ನು ಮುಟ್ಟಿ ಎಣಿಸಿದಳು. ಎಂಟು. ಹುಡುಗಿಯರು ಕಲ್ಲಾಟಕ್ಕೆ ಹೊಳೆಯಿಂದ ಆರಿಸಿ ತರುವ ಹರಳುಗಳ ಹಾಗಿದ್ದವು. ಇಷ್ಟು ವರ್ಷ ಎಳೆ ಬರೆದಿದ್ದು ಬೆರಳಿನ ತುದಿ ಅಂದುಕೊಂಡಿದ್ದಳು.

"ಇದು ಯಾರ್ದು ಕೈ?"

"ಗೊತ್ತಿಲ್ಲ. ಓದುವಾಗ ಕೊಂಡಿದ್ದು."

"ಎಂತ ಕೆಲಸ ಮಾಡ್ತಿತ್ತೋ."

ಈ ಪ್ರಶ್ನೆ ಡಾಕ್ಟರಿಗೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಅವರು ಪಟ್ಟಿ ಬಿಚ್ಚುತ್ತ, "ಹೆಬ್ಬೆರಳು, ಮಣಿಕಟ್ಟು ಎರಡೂ ಮೂರು ವಾರ ಅಲ್ಲಾಡಬಾರದು," ಎಂದರು.

"ಮೊಣಕೈ?"

"ಅದಕ್ಕೇನಾಗಿದೆ? ಆಡಲಿ."

"ಭುಜ?"

"ಅದೂ ಆಡಲಿ. ಯಾಕೆ?"

ಪಟ್ಟಿ ಕಟ್ಟಿ ಮುಗಿದದ್ದೇ ಹೂವಮ್ಮ ಎದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿದ ಕೈಯನ್ನು ಕಿಟಕಿಯ ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸುತ್ತ ಬಂದಳು. ಟಿಕೆಟ್ ಕೊಡುವವನು ಎರಡು ಸಲ ತನ್ನನ್ನೇ ಕರೆದಳೆಂದು ಬಂದು ಹೋದ.

ಮನೆಗೆ ಬಂದವಳೇ ಕುಂಚವನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಗೆ ಸಿಕ್ಕಿಸಿ ಗೋಡೆಯ ಮುಂದೆ ನಿಂತಳು. ಮೊದಲ ಎಳೆ ಕೇರೆಹಾವಿನ ಹಾಗೆ ಹರಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಮ್ಮಣ್ಣು ತೀಡಿ, ಆರುವ ತನಕ ಕಾದಳು. ಮೊಣಕೈಯಿಂದ ಎಳೆದಳು, ಕೊನೆಗೆ ಕೊಂಕಿತು. ಭುಜದಿಂದ ಎಳೆದಳು, ನಡುವೆ ನಡುಗಿತು. ಮಾರನೆಯ ದಿನ ಮಧ್ಯಾಹ್ನ, ಭುಜವನ್ನೂ ಬಿಗಿಹಿಡಿದು, ಉಸಿರು ಕಟ್ಟಿ, ಪಾದ ಜಾರಿಸುತ್ತ ಇಡೀ ಮೈಯನ್ನೇ ಪಕ್ಕಕ್ಕೆ ಸರಿಸಿದಳು. ಎಳೆ ಬಂತು. ನೇರವಾಗಿತ್ತು. ಆದರೆ ಹಳೆಯ ಎಳೆಗಳಿಗಿಂತ ಒಂದು ಕೂದಲು ದಪ್ಪ. ಬೇರೆ ಯಾರೋ ಬರೆದು ಹೋದ ಹಾಗಿತ್ತು. ಹೂವಮ್ಮ ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು.

ಸಂಜೆ ತಿರುಗಿದರೆ ಹಿಂದೆ ರಂಗಮ್ಮ ನಿಂತಿದ್ದಳು. ಮಧ್ಯಾಹ್ನದಿಂದ ಬಂದಿದ್ದು ಐದು ಎಳೆ. ಬಾಕಿ ಇನ್ನೂ ನೂರಕ್ಕೆ ಮೇಲೆ. ಅವಳು ಹೋಗಿ ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದಳು.

"ಹೂವಿ, ನಾ ಒಂದ್ ಮಾತ್ ಹೇಳ್ತೀನಿ, ಸಿಟ್ಟು ಮಾಡ್ಕಾಬ್ಯಾಡ. ಮಿಕ್ಕಿದ್ದು ನಾ ಬರೀತೀನಿ. ನೀನೇ ಬರ್ದಿದ್ದು ಅಂತ ಹೇಳನ. ಮನೇಲಿ ಒಬ್ರಿಗೂ ಗೊತ್ತಾಗದಿಲ್ಲ. ನಿನ್ನ ಕೈಯೂ ಉಳೀತದೆ, ನನ್ನ ಮಗಳ ಮದುವೇನೂ ಆಗ್ತದೆ." ರಂಗಮ್ಮನ ಕಣ್ಣು ತುಂಬಿತ್ತು. ಅಂಗೈ ಚಾಚಿದಳು. "ಕೊಡು ಇತ್ಲಾಗೆ ಕುಂಚ."

ಹೂವಮ್ಮ ಕುಂಚವನ್ನು ಬಿಳಿಯಲ್ಲಿ ಅದ್ದಿ, ಬೋಗುಣಿಯ ಅಂಚಿಗೆ ಸವರಿ, ಪಾದವನ್ನು ಗೋಡೆಯ ಬುಡಕ್ಕೆ ಸರಿಯಾಗಿ ಊರಿ ನಿಂತಳು.

"ಕೊಡದಿಲ್ಲ."