ನಡುವಿನ ದನಿ

ಆಕೆ ಯಾರೊಡನೆ ಹೊರಟರೂ ನಡುವೆಯೇ ನಡೆಯುತ್ತಿದ್ದಳು. ಇಬ್ಬರು ಜೊತೆಗಿದ್ದರೆ ನಾಲ್ಕು ಹೆಜ್ಜೆಯೊಳಗೆ, ತನಗೂ ತಿಳಿಯದಂತೆ, ಅವರ ಮಧ್ಯಕ್ಕೆ ಬಂದುಬಿಡುವಳು. ಒಬ್ಬರೇ ಸಿಕ್ಕರೆ ತನ್ನ ಇನ್ನೊಂದು ಪಕ್ಕದಲ್ಲಿ ಒಂದಾಳು ಹಿಡಿಸುವಷ್ಟು ಜಾಗ ಬಿಟ್ಟುಕೊಂಡು ಹೆಜ್ಜೆ ಹಾಕುವಳು. ಮಾತೂ ಹಾಗೆಯೇ. ತಾನಾಗಿ ಮಾತು ತೆಗೆದದ್ದನ್ನು ನಾನು ಕಂಡಿಲ್ಲ. ಎದುರಿನವರು ಶುರು ಮಾಡಬೇಕು, ಆಮೇಲೆ "ಹೂಂ, ಅದೂ ಸರಿನೇ" ಎಂದು ಆಕೆ ಸೇರಿಕೊಳ್ಳಬೇಕು. ಒಬ್ಬ ಅಕ್ಕನಿಗೂ ಒಬ್ಬ ತಂಗಿಗೂ ಮಧ್ಯೆ ಹುಟ್ಟಿದ ತಪ್ಪಿಗೆ ಮನೆಯಲ್ಲೂ, ಕೊನೆಗೆ ಪತ್ರಿಕೆಗಳಲ್ಲೂ ಆಕೆಗೆ 'ನಡುವಿನವಳು' ಎಂಬ ಹೆಸರೇ ನಿಂತುಹೋಯಿತು.

ಮೂವರು ಅಕ್ಕತಂಗಿಯರ ಹಾಡುಗಳು ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದವು. ಅವು ಹುಟ್ಟಿದ್ದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಹಿಂಗೋಣೆಯಲ್ಲಿ. ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳನ್ನು ಹುಡುಗಿಯರು ಮಡಿಸುತ್ತ ಹಾಡಿದರೆ, ಅಂಗಡಿಯ ಯಜಮಾನನಾದ ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಟ್ಟಿ ತಾಳ ಹಾಕುತ್ತಿದ್ದ. ತಾಳ ತಪ್ಪಿದರೆ ಹಬೆಗಿಂತ ಮೊದಲು ಅವನೇ ಬುಸುಗುಡುತ್ತಿದ್ದ. ರಾಗ ಕಟ್ಟುವವನೂ ಅವನೇ, ಕಲಿಸುವವನೂ ಅವನೇ. ಗಟ್ಟಿ ಗಂಟಲಿನ ಅಕ್ಕನಿಗೆ ಹಾಡಿನ ಮಾತುಗಳನ್ನು ಕೊಟ್ಟ; ತೆಳುದನಿಯ ತಂಗಿಗೆ ಮೇಲಿನ ತಿರುವುಗಳನ್ನು ಕೊಟ್ಟ; ನಡುವಿನವಳ ಸರದಿ ಬರುವ ಹೊತ್ತಿಗೆ ಅವನಲ್ಲಿ ಕೊಡಲು ಏನೂ ಉಳಿದಿರಲಿಲ್ಲ.

"ನೀನು ಎಲ್ಲಿ ಖಾಲಿ ಅನ್ಸುತ್ತೋ ಅಲ್ಲಿ ತುಂಬ್ಕೊಂಡು ಹೋಗು ಮಗಳೇ" ಎಂದನಂತೆ.

ಆಕೆ ತುಂಬಿಕೊಂಡೇ ಹೋದಳು. ಯಾರೂ ಕಲಿಸದ, ಯಾರೂ ಬರೆಯದ, ಪದವೊಂದೂ ಇಲ್ಲದ, ಆಲಾಪದಂಥ ಬರೀ ಎಳೆದನಿಯ ಒಂದು ದಾರಿಯನ್ನು ಪ್ರತಿ ಹಾಡಿನಲ್ಲೂ ಅಕ್ಕನ ಹಾಗೂ ತಂಗಿಯ ದನಿಗಳ ನಡುವೆ ತಾನೇ ತಡಕಿ ಕಂಡುಕೊಂಡಳು. ಅದು ತಾನಾಗಿ ಬರುವಂಥದ್ದು ಎಂದು ಅಪ್ಪ ತಿಳಿದಿದ್ದ.

ರೇಡಿಯೋ ಸ್ಪರ್ಧೆಯಲ್ಲಿ ಗೆದ್ದ ಮೇಲೆ ಅವರು ನಮ್ಮ ರೆಕಾರ್ಡ್ ಕಂಪನಿಗೆ ಬಂದರು. ಧ್ವನಿಮುದ್ರಣದ ಕೋಣೆಯಲ್ಲಿ ಗುಂಡಿ ತಿರುಗಿಸುವ ಕೆಲಸ ನನ್ನದು. ಆಕೆಯ ಮೈಕಿನ ದನಿಯನ್ನು ಉಳಿದಿಬ್ಬರದಕ್ಕಿಂತ ಎರಡು ಗೆರೆ ತಗ್ಗಿಸಿಡುವುದು ವಾಡಿಕೆಯಾಗಿತ್ತು. ಕಸುಬು ಬಲ್ಲವರೆಲ್ಲ ಅದೇ ಸರಿ ಎನ್ನುತ್ತಿದ್ದರು, ನಾನೂ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಮ್ಮೆ ಆಕೆಗೆ ಜ್ವರ ಬಂದು, ಇಬ್ಬರೇ ಹಾಡಿದಾಗ, ಹಾಡು ಉಪ್ಪಿಲ್ಲದ ಸಾರಿನಂತಾಯಿತು. ತಾಳದವರನ್ನು ಬೈದರು, ಯಂತ್ರವನ್ನು ಬೈದರು, ನನ್ನನ್ನೂ ಬೈದರು, ಜ್ವರದಲ್ಲಿ ಮಲಗಿದವಳ ನೆನಪು ಮಾತ್ರ ಒಬ್ಬರಿಗೂ ಬರಲಿಲ್ಲ.

ಮುಂದೆ ಟಿ.ವಿ., ದೊಡ್ಡ ಸಭಾಂಗಣಗಳು, ಗೋಡೆಗೋಡೆಗೂ ಭಿತ್ತಿಪತ್ರಗಳು. ತಾಯಿ ಮೂವರಿಗೂ ಒಂದೇ ಕೆಂಪು ಬಟ್ಟೆಯಲ್ಲಿ ಕೋಟು ಹೊಲಿದಳು. ಬಟ್ಟೆ ಸಾಲದೆ ನಡುವಿನವಳ ತೋಳಿಗೆ ತೇಪೆ ಬಿತ್ತು. ಎರಡೂ ಕಡೆಯವರು ಒತ್ತಿ ನಿಲ್ಲುವುದರಿಂದ ಕಾಣುವುದಿಲ್ಲವೆಂದು ಸಮಾಧಾನ ಹೇಳಿದರು. ಅದೂ ಸರಿಯೇ, ಕಾಣಲಿಲ್ಲ.

ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯವರೆಗೆ ಮುಂದೆ ನಿಂತು ಹಾಡಬೇಕೆಂಬ ಆಸೆ ಆಕೆಗಿತ್ತು. ಒಮ್ಮೆ ಮಾತ್ರ ಬಾಯಿ ಬಿಟ್ಟು ಕೇಳಿದಳು. "ಮುಂದಿನ ಹಾಡು ನಿಂದು" ಎಂದು ಅಪ್ಪ ಮಾತು ಕೊಟ್ಟ. ಆ ಮುಂದಿನ ಹಾಡು ಹನ್ನೊಂದು ವರ್ಷ ಮುಂದೆಯೇ ಇತ್ತು. ಅಪ್ಪ ಸುಳ್ಳುಗಾರನಲ್ಲ, ಪ್ರತಿ ಸಲವೂ ಕೊಡಬೇಕೆಂದೇ ಇದ್ದು ಪ್ರತಿ ಸಲವೂ ಮರೆಯುತ್ತಿದ್ದ. ಅಷ್ಟರಲ್ಲಿ ತಂಗಿ ಒಬ್ಬಳೇ ಹಾಡಿದರೆ ಸಾಕೆಂದು ಕಂಪನಿಯವರಿಗೆ ಹೊಳೆಯಿತು. ಜಗಳವಿಲ್ಲ, ಕದನವಿಲ್ಲ, ಒಂದು ಫೋನಿನಲ್ಲಿ ಮೂವರು ಅಕ್ಕತಂಗಿಯರು ಮುಗಿದುಹೋದರು. ಅಕ್ಕ ಸಂಸಾರ ಹಿಡಿದಳು. ನಡುವಿನವಳು ಅದೇ ಕೆಂಪು ಕೋಟು ಹಾಕಿಕೊಂಡು ಅದೇ ಹಿಂಗೋಣೆಗೆ ಮರಳಿ ಬೆಡ್‌ಶೀಟು ಮಡಿಸತೊಡಗಿದಳು.

"ಇನ್ನಾದರೂ ಒಂದು ಹಾಡು ಹಾಡಮ್ಮ, ನಾನು ಮುದ್ರಿಸ್ತೀನಿ" ಎಂದೆ ಒಂದು ದಿನ.

"ಅಕ್ಕನ ರಾಗ ನಂಗೂ ಬರುತ್ತೆ ಅಣ್ಣ, ಯಾರಿಗ್ ಬರಲ್ಲ ಹೇಳಿ? ಆದ್ರೆ ಅದು ಅಕ್ಕಂದು."

ಅಪ್ಪ ಆಸ್ಪತ್ರೆ ಸೇರಿದಾಗ ನೋಡಲು ಹೋಗಿದ್ದೆ. ಶ್ವಾಸಕೋಶ ಸೋತಿತ್ತು, ಬುದ್ಧಿ, ಕಿವಿ ಎರಡೂ ಚುರುಕಾಗಿದ್ದವು. ಮಧ್ಯಾಹ್ನ, ಕಿಟಕಿಯ ಪಕ್ಕದ ಹಾಸಿಗೆ. ನಡುವಿನವಳು ದಿಂಬು ಸರಿಮಾಡುತ್ತಿದ್ದಾಗ ಮುದುಕ ಆಕೆಯ ಕೈ ಹಿಡಿದ.

"ಎಷ್ಟು ವರ್ಷದಿಂದ ಹೇಳ್ತಾನೇ ಬಂದೆ. ಇವತ್ತು ನಿನ್ ಹಾಡು ಹಾಡು ಮಗಳೇ. ಕೇಳ್ತೀನಿ."

ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವರಿಗೆ ಮೊದಲು ಹೆಸರು ತಂದ ಹಾಡಿನಲ್ಲಿ ತಾನು ಕಂಡುಕೊಂಡಿದ್ದ ಆ ಎಳೆದನಿಯನ್ನು, ಒಂದು ಉಸಿರೂ ತಪ್ಪದಂತೆ, ತುಂಬುಕಂಠದಿಂದ ಹಾಡಿದಳು. ಅಷ್ಟು ವರ್ಷ ನಾನೇ ತಗ್ಗಿಸಿಟ್ಟಿದ್ದ ದನಿ ಅದು. ಆಚೀಚೆ ಹಾಸಿಗೆಯವರು ತಲೆಯೆತ್ತಿದರು.

ಅಪ್ಪ ಕಣ್ಣುಮುಚ್ಚಿ ಕೊನೆಯವರೆಗೆ ಕೇಳಿದ. "ತುಂಬ ಚೆನ್ನಾಗಿದೆ ಕಣೇ. ಯಾವ ಹಾಡಿದು? ನಾನು ಕೇಳೇ ಇಲ್ವಲ್ಲ."

ಆಕೆ ಒಂದು ಕ್ಷಣ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ.

"ಹೊಸದಪ್ಪಾ."

"ಅಕ್ಕಂಗೂ ತಂಗಿಗೂ ಕಲಿಸ್ಬಿಡು," ಮುದುಕ ಸಂತೋಷದಿಂದಲೇ ಹೇಳಿದ. "ಮೂವರೂ ಸೇರಿದ್ರೆ ಇನ್ನೂ ಚೆನ್ನಾಗಿರುತ್ತೆ."

"ಹೂಂ ಅಪ್ಪಾ," ಎಂದಳು.

ಕೀರ್ತಿ ಬಂದ ಪ್ರತಿ ಕುಟುಂಬದಲ್ಲೂ ಇಂಥವರೊಬ್ಬರು ಇರುತ್ತಾರೆ. ಅವರಿಗೆ ಸರದಿ ಬರುವುದೇ ಇಲ್ಲವೆಂದು ನಾವು ಮರುಗುತ್ತೇವೆ, ಆದರೆ ಅದು ಬಂದೇ ಬರುತ್ತದೆ. ಬರುವಷ್ಟರಲ್ಲಿ ಅವರ ಆಯುಷ್ಯವೆಲ್ಲ ಇನ್ನೊಬ್ಬರಿಗೆ ಹೊಂದಿಕೊಳ್ಳುವುದರಲ್ಲೇ ಕಳೆದು, ಅವರು ಬಾಯ್ತೆರೆದು ತಮ್ಮದೆಂಬುದನ್ನು ಹೊರಗಿಟ್ಟಾಗ, ಅದನ್ನು ದಿನವೂ ಕೇಳಿ ಬದುಕಿದವರಿಗೇ ಗುರುತು ಹತ್ತುವುದಿಲ್ಲ.