ಎಡಗಿವಿಗೆ ಅರಳೆ

ಟಿಳಕವಾಡಿಯ ಬಸಲಿಂಗಪ್ಪ ಪ್ರೊಫೆಸರರ ಮನೆಗೆ ಜಪಾನಿನಿಂದ ಒಂದು ಹೆಡ್‌ಫೋನು ಬಂತು ಎಂಬ ಸುದ್ದಿ ಬೆಳಗಾವಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅದು ಎಪ್ಪತ್ತೆಂಟರ ನವೆಂಬರು, ಊರಿಗೆ ತನ್ನದೇ ಚಿಂತೆಗಳಿದ್ದವು. ಪ್ರೊಫೆಸರರಿಗೆ ಮಾತ್ರ ಮನೆಗೆ ಹೊಸ ಸೊಸೆ ಬಂದಷ್ಟು ಸಂಭ್ರಮ. ಹಡಗಿನಲ್ಲಿ ರೇಡಿಯೋ ಆಫೀಸರನಾಗಿದ್ದ ಅವರ ಹೆಂಡತಿಯ ತಮ್ಮ ಅದನ್ನು ತಂದುಕೊಟ್ಟಿದ್ದ. ಎರಡು ದಿನ ತಾವೊಬ್ಬರೇ ಕೇಳಿ ತಲೆದೂಗಿದರು. ಮೂರನೆಯ ದಿನ ಪೇಟಿ ರಿಪೇರಿಯ ಹುಸೇನಪೀರನಿಗೆ ಹೇಳಿ ಕಳಿಸಿದರು. ತಾವು ಕೇಳಿದ್ದು ನಿಜಕ್ಕೂ ಚೆನ್ನಾಗಿದೆ ಎಂದು ನಂಬಲು ಅವರಿಗೆ ಅವನ ಕಿವಿಯ ಮುದ್ರೆ ಬೇಕಿತ್ತು.

ಅದು ಅವರೊಬ್ಬರ ಹಣೆಬರಹವಲ್ಲ. ಹಾರ್ಮೋನಿಯಮ್ಮಿಗೆ ಆ ಕಡೆಯವರು ಪೇಟಿ ಎನ್ನುತ್ತಾರೆ. ಬೆಳಗಾವಿಯಿಂದ ಖಾನಾಪುರದವರೆಗೆ ಯಾವ ಪೇಟಿಯಾದರೂ ಹುಸೇನಪೀರನ ಕೈ ಹಾದು ಬಂದಿದೆ ಎಂದರೆ ಮುಗಿಯಿತು, ಅದರ ಸ್ವರದ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ಅವನ ಅಪ್ಪನಿಗೂ ಅದೇ ಹೆಸರಿತ್ತು. ಐವತ್ತನಾಲ್ಕು ವರ್ಷದ ಹುಸೇನಪೀರ ಆ ಹೆಸರನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ತೊಟ್ಟುಕೊಂಡೇ ಓಡಾಡುತ್ತಿದ್ದ.

"ಕುಂದರ್ರಿ ಹುಸೇನಸಾಬ್ರ. ಮೊದಲ ಕೈಯಾಗ ಹಿಡದ ನೋಡ್ರಿ," ಎಂದರು ಪ್ರೊಫೆಸರರು.

ಹಿಡಿದ. ಕಂಡದ್ದಕ್ಕಿಂತ ಭಾರವಿತ್ತು.

"ಬ್ಯಾರೆ ಹೆಡ್‌ಫೋನಿನಂಗ ಇದರಾಗ ಕಾಗದದ ಬಟ್ಟಲ ಇಲ್ಲ. ಹಾಳಿ ಐತಿ, ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಂದು. ಹಾಳಿ ಮ್ಯಾಲ ತಂತಿ ಎಳದಾರ, ಎರಡೂ ಬಾಜು ಅಯಸ್ಕಾಂತ ಇಟ್ಟಾರ. ಇಡೀ ಹಾಳಿ ಒಮ್ಮಿಗೇ ನಡಗತೈತಿ. ಒಂದ ಮೂಲಿ ಮುಂದ, ಒಂದ ಮೂಲಿ ಹಿಂದ ಅನ್ನೂದ ಇಲ್ಲ."

ಹುಸೇನಪೀರನಿಗೆ ಇಷ್ಟು ಸಾಕಾಯಿತು. ಪೇಟಿಯ ರೀಡೂ ಹಿತ್ತಾಳೆಯ ತೆಳು ನಾಲಿಗೆಯೇ. ಒಂದು ತುದಿ ಬಿಗಿದು, ಇನ್ನೊಂದು ತುದಿ ಗಾಳಿಗೆ ನಡುಗುತ್ತದೆ. ಇಡೀ ನಾಲಿಗೆಯೇ ನಡುಗಿದರೆ ಹೇಗಿರಬಹುದು ಎಂಬ ಆಸೆಯಿಂದ ಅದನ್ನು ತಲೆಗೆ ಏರಿಸಿಕೊಂಡ. ಪ್ರೊಫೆಸರರು ಹಳೆಯ ರೆಕಾರ್ಡೊಂದನ್ನು ಹಚ್ಚಿದರು. ಬರಿಯ ಪೇಟಿ, ಎರಡೂ ಕಿವಿಗೆ ಒಂದೇ ಸಮ ಬರುವಂಥದ್ದು.

ಮೊದಲು ಕೇಳಿದ್ದು ಸ್ವರವಲ್ಲ, ತಿದಿಯ ಉಸಿರು. ಆಮೇಲೆ ಬಾರಿಸುವವನ ಉಗುರು ಪೇಟಿಯ ಮನೆಗೆ, ಅಂದರೆ ಒತ್ತುವ ಪಟ್ಟಿಗೆ, ತಾಗಿದ ಟಿಕ್ಕು. ಯಾರೋ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಬಾರಿಸುತ್ತಿದ್ದ ಹಾಗಿತ್ತು. ತಲೆಯೊಳಗೆ ಗುಂಯ್ ಎನ್ನುವ ಗದ್ದಲವಿಲ್ಲ. ಕೆಳಗಿನ ಸ್ವರಗಳಿಗೆ ಎದೆ ಗುದ್ದುವ ಜೋರಿರಲಿಲ್ಲ. ಆದರೆ ಒಂದು ಸ್ವರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹುಟ್ಟಿತು ಎಂಬುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸ್ಪಷ್ಟ. ಹುಸೇನಪೀರನಿಗೆ ಖುಷಿಯಾಯಿತು. ಇಂಥದ್ದೊಂದನ್ನು ಅಪ್ಪ ಕೇಳಲಿಲ್ಲವಲ್ಲ ಅನ್ನಿಸಿತು.

ಅಷ್ಟರಲ್ಲಿ ಬಾರಿಸುವವನು ಮೇಲಿನ ಸಪ್ತಕಕ್ಕೆ ಏರಿದ. ಎಡಗಡೆ ಸ್ವರ ಸರಿಯಾಗಿ ಹೋಗಿ ಕೂತಿತು. ಬಲಗಡೆಯದು ಒಂದು ಎಳೆ ಕೆಳಗೇ ಉಳಿಯಿತು. ಒಬ್ಬನೇ ಬಾರಿಸುತ್ತಿದ್ದವನು ಇಬ್ಬರಾದ, ಅವರಲ್ಲೊಬ್ಬ ದಣಿದಿದ್ದ.

"ಸರ್, ಬಲಗಡೀದು ಖರಾಬ ಐತ್ರಿ," ಎಂದ ಹುಸೇನಪೀರ, ತಡವಿಲ್ಲದೆ. "ಮ್ಯಾಲ ಹೋದಂಗ ಸೂರ ಇಳೀತೈತಿ."

ಪ್ರೊಫೆಸರರ ಮುಖ ಬಾಡಿತು. "ನನಗ ಗೊತ್ತಾಗಲೇ ಇಲ್ಲ ನೋಡ್ರಿ. ಎರಡ ದಿವಸ ಕೇಳೇನಿ, ಎರಡೂ ಕಡೆ ಒಂದ ಅನ್ನಿಸಿತ್ತು. ಆದ್ರ ನಿಮ್ಮ ಕಿವಿ ಮುಂದ ನಮ್ಮದೇನು? ಸೋಮವಾರ ಮುಂಜಾನೆ ನಮ್ಮ ಮೈದುನ ಮುಂಬೈಕ ಹೊಂಟಾನ. ಅವನ ಕೈಯಾಗ ತಿರಗಿ ಕೊಟ್ಟ ಕಳಸ್ತೀನಿ." ಚಹಾಕ್ಕೆ ಹೇಳಲು ಒಳಗೆ ಹೋದರು.

ಹುಸೇನಪೀರ ಸುಮ್ಮನೆ ಕೈಗೆ ಕೆಲಸವಿರಲಿ ಎಂದು ಹೆಡ್‌ಫೋನನ್ನು ತಿರುವಿ ಹಾಕಿಕೊಂಡ. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ. ಇನ್ನು ದಣಿದವನು ಎಡಗಡೆ ಕೂರಬೇಕು. ಅವನು ಏಳಲಿಲ್ಲ, ಬಲಗಿವಿಯಲ್ಲೇ ಕೂತಿದ್ದ. ಮತ್ತೆ ತಿರುವಿದ. ಆಗಲೂ ಅಲ್ಲೇ. ಮೂರನೆಯ ಸಲ ತಿರುವಿದ ಮೇಲೆ ಹೆಡ್‌ಫೋನನ್ನು ತೆಗೆದಿಟ್ಟು ತನ್ನ ಬಲಗಿವಿಯನ್ನು ಮುಟ್ಟಿ ನೋಡಿಕೊಂಡ.

ಚಹಾ ಬಂತು. ಹೇಳಲು ಬಾಯಿ ತೆರೆದ, ಚಹಾ ಕುಡಿದು ಮುಚ್ಚಿದ. ಪ್ರೊಫೆಸರರು ಎಳೆಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಹೆಡ್‌ಫೋನನ್ನು ಡಬ್ಬಿಯಲ್ಲಿ ಮಲಗಿಸುತ್ತಿದ್ದರು. ಅದನ್ನು ನೋಡಲಾರದೆ ಹುಸೇನಪೀರ ಎದ್ದು ಬಂದ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಾಜುವಿಗೆ ತಾಮ್ರದ ಹಂಡೆ ಬಡಿಯುವವರು ಇರುವುದರಿಂದ ಅವನ ಅಪ್ಪ ಒಂದು ಪದ್ಧತಿ ಹಾಕಿಕೊಟ್ಟಿದ್ದ. ಎಡಗಿವಿಗೆ ಅರಳೆ ತುರುಕಬೇಕು, ಬಲಗಿವಿಯನ್ನು ಪೇಟಿಯ ಕಟ್ಟಿಗೆಗೆ ಆನಿಸಬೇಕು. ಆಗ ಹೊರಗಿನ ಬಡಿತ ಹೊರಗೇ ಉಳಿಯುತ್ತದೆ. ಮೂವತ್ತೈದು ವರ್ಷ ಹುಸೇನಪೀರ ಹಾಗೆಯೇ ಸ್ವರ ಕೂಡಿಸಿದ್ದ. ಮಾತುಕತೆಗೆ, ಬಜಾರಕ್ಕೆ ಎರಡೂ ಕಿವಿ ಇದ್ದವು. ಕೆಲಸಕ್ಕೆ ಮಾತ್ರ ಬಲಗಿವಿ ಒಂದೇ. ಅಂದು ಮೊದಲ ಸಲ ಅರಳೆಯನ್ನು ಬಲಗಿವಿಗೆ ತುರುಕಿದ. ಹಿಂದಿನ ದಿನವಷ್ಟೇ ಮುಗಿಸಿಟ್ಟಿದ್ದ ರಾಯಪ್ಪನೆಂಬ ಗಿರಾಕಿಯ ಪೇಟಿಯ ಮೇಲಿನ ಸಾ ಒತ್ತಿ, ಎಡಗಿವಿಯಿಂದ ಕೇಳಿದ.

ಸ್ವರ ಏರಿತ್ತು. ಅದರಾಚೆಯ ರಿ, ಗ, ಮ ಎಲ್ಲವೂ ಏರಿದ್ದವು.

ಲೆಕ್ಕ ಸರಳವಾಗಿತ್ತು, ಅದಕ್ಕೇ ಭಯಂಕರವಾಗಿತ್ತು. ಕೆಟ್ಟ ಕಿವಿ ಮೇಲಿನ ಸ್ವರವನ್ನು ಇಳಿಸಿ ಕೇಳುತ್ತಿತ್ತು. ಇಳಿದಿದೆಯೆಂದು ಅವನು ರೀಡಿನ ತುದಿ ಕೆರೆದು ಏರಿಸುತ್ತಿದ್ದ. ಎಂದಿನಿಂದ? ಒಂದು ವರ್ಷದಿಂದಲೋ, ಎರಡೋ? ಬೆರಳು ಮಡಿಸಿ ನೆನಪಿಸಿಕೊಂಡ. ಎರಡು ವರ್ಷದಲ್ಲಿ ಹದಿನೇಳು ಪೇಟಿ.

"ಕ್ಯಾ ಹುವಾ ಜೀ?" ಎಂದು ಒಳಗಿಂದ ಬಂದ ಹೆಂಡತಿ ಇಮಾಮಬೀ ಅವನ ಮುಖ ನೋಡಿ ಗಾಬರಿಯಾದಳು. ಏನಿಲ್ಲ ಎಂದ. ಏನಿಲ್ಲ ಎಂದು ಎಷ್ಟು ಜೋರಾಗಿ ಹೇಳಿದನೆಂದರೆ ಅವಳಿಗೆ ಏನೋ ಇದೆಯೆಂದು ಖಾತ್ರಿಯಾಯಿತು.

ಆ ಹದಿನೇಳರಲ್ಲಿ ಒಂದು ಅವನ ಎದೆಯಲ್ಲಿ ಮುಳ್ಳಾಗಿ ಚುಚ್ಚುತ್ತಿತ್ತು. ಖಾನಾಪುರದ ಕಾಶವ್ವನದು. ಹೆಂಚಿನ ಭಟ್ಟಿಯಲ್ಲಿ ದುಡಿದು ಬಂದ ಹೆಂಗಸು, ಸೋಮವಾರದ ಭಜನೆಯಲ್ಲಿ ವಚನ ಹಾಡಲು ಕೂತರೆ ಮೇಲಿನ ಸಾ ಹಿಡಿದು ದೀಪದ ಹಾಗೆ ಅಲ್ಲಾಡದೆ ನಿಲ್ಲುತ್ತಿದ್ದಳು. ಹೋದ ವರ್ಷ ಶ್ರಾವಣದ ಮೊದಲ ವಾರ ಅವಳ ಪೇಟಿ ಸರಿಮಾಡಿ ಕೊಟ್ಟಿದ್ದ. ದೀಪಾವಳಿಯ ಹೊತ್ತಿಗೆ ಯಾರೋ ಅಂಗಡಿಗೆ ಬಂದು, ಕಾಶವ್ವ ಹಾಡುವುದು ಬಿಟ್ಟಳಂತೆ, ಗಂಟಲು ಹೋಯಿತಂತೆ ಎಂದಿದ್ದರು. ಹುಸೇನಪೀರ ಅರ ಉಜ್ಜುತ್ತಲೇ, "ವಯಸ್ಸಾತಲ್ರೀ," ಎಂದಿದ್ದ. ಆ ಮಾತು ಈಗ ಅವನನ್ನೇ ಹುಡುಕಿಕೊಂಡು ಬಂತು.

ಭಾನುವಾರ ಮುಂಜಾನೆಯ ಲೋಂಡಾ ಪ್ಯಾಸೆಂಜರಿನಲ್ಲಿ ಹತ್ಯಾರಗಳ ಹಡಪವನ್ನು ಮಡಿಲಲ್ಲಿಟ್ಟುಕೊಂಡು ಕೂತ. ನಿಜ ಹೇಳಲು ಹೊರಟಿದ್ದನೆಂದು ಯಾರೂ ತಿಳಿಯಬಾರದು. ಸುಳ್ಳನ್ನು ಗಿಳಿಪಾಠ ಮಾಡುತ್ತಿದ್ದ. 'ಮಳಿಗಾಲದ ಥಂಡಿಗೆ ರೀಡು ಕೆಡತಾವ್ರಿ ಅಕ್ಕಾರ, ಈ ಕಡೆ ಬಂದಿದ್ದೆ, ಹಂಗ ನೋಡಿ ಹೋಗೂಣು ಅಂತ ಬಂದೆ.' ಹದಿನೇಳು ಮನೆಗೂ ಇದೇ ಮಾತು ನಡೆದೀತು. ಪೇಟಿಗಳು ಸರಿಯಾಗುತ್ತವೆ, ಹೆಸರು ಉಳಿಯುತ್ತದೆ, ಕಿವಿಯ ವಿಷಯ ಅವನಿಗೂ ಅಲ್ಲಾನಿಗೂ ಮಾತ್ರ ಗೊತ್ತಿರುತ್ತದೆ. ದೇಸೂರು ದಾಟುವ ಹೊತ್ತಿಗೆ ಸುಳ್ಳು ಬಾಯಿಪಾಠವಾಗಿತ್ತು. ಪ್ರೊಫೆಸರರ ಡಬ್ಬಿಗೆ ಯಾವ ಮಳೆಯ ನೆಪ ಹೇಳುವುದು ಎಂಬುದು ಮಾತ್ರ ಹೊಳೆಯಲಿಲ್ಲ.

ಕಾಶವ್ವನ ಮನೆಯ ಕಟ್ಟೆಯ ಮೇಲೆ ಪೇಟಿ ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದುಕೊಂಡು ಕೂತಿತ್ತು.

"ಬಾ ತಮ್ಮಾ, ಛಲೋ ಹೊತ್ತಿಗೆ ಬಂದಿ," ಎಂದಳು ಕಾಶವ್ವ. "ಪೇಟಿ ಕಣಕುಂಬಿಗೆ ಕಳಸಾಕತ್ತೀನಿ. ನಮ್ಮ ತಂಗಿ ಮಗಳು ಬಾಳವ್ವ ಅಲ್ಲೆ ಭಜನಿ ನಡಸ್ತಾಳ. ಎರಡರ ಬಸ್ಸಿಗೆ ಹೋಗತೈತಿ."

"ಯಾಕ್ರೀ ಅಕ್ಕಾರ?"

"ಗಂಟಲಾ ಮುಗೀತೋ. ಮ್ಯಾಲಿನ ಸಾ ಹತ್ತವಲ್ದು. ಎಷ್ಟ ಎಳದ್ರೂ ಒಂದ ಕೂದಲ ಕೆಳಗ ಉಳೀತೀನಿ. ಮಂದಿ ಮುಂದ ಕುಂತು ಬೇಸೂರ ಹಾಡಾಕ ನಾಚಿಕಿ ಬರಂಗಿಲ್ಲೇನು?" ನಗಲು ನೋಡಿದಳು, ಆಗಲಿಲ್ಲ. "ಮೊದಲ ಪೇಟೀದ ತಪ್ಪಿರಬೇಕು ಅನ್ನಿಸಿತ್ತು ನೋಡು. ಆಮ್ಯಾಲ ನನಗ ನಾನ ಬೈಕೊಂಡೆ. ಹುಸೇನಪೀರನ ಕೈ ತಪ್ಪತೈತೇನು?"

ಹುಸೇನಪೀರನ ಬಾಯಿಪಾಠ ತಾನಾಗಿ ಹೊರಬಿತ್ತು. "ಮಳಿಗಾಲದ ಥಂಡಿಗೆ ರೀಡು ಕೆಡತಾವ್ರಿ..."

"ಯಾವ ಮಳಿ? ನೀ ಕೊಟ್ಟ ದಿವಸಾನ ಹಚ್ಚಿ ಕುಂತಿದ್ದೆ. ಅವತ್ತ ಹತ್ತಲಿಲ್ಲ. ಅವತ್ತಿಂದ ಇವತ್ತಿನತನ ಹತ್ತಿಲ್ಲ."

ಅಲ್ಲಿಗೆ ಸುಳ್ಳಿನ ದಾರಿ ಮುಗಿಯಿತು. ಹುಸೇನಪೀರ ಕಟ್ಟೆಯ ಮೇಲೆ ಕೂತ. ಹೆಡ್‌ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಕೊನೆಗೆ, "ನಿಮ್ಮ ಗಂಟಲಾ ಎಲ್ಲೂ ಹೋಗಿಲ್ರಿ ಅಕ್ಕಾರ. ಹೋಗಿದ್ದು ನನ್ನ ಕಿವಿ," ಎಂದ.

ಬೈದುಬಿಡಲಿ ಎಂದು ಅವನು ಕಾದ. ಕಾಶವ್ವನಿಂದ ಬಂದ ಮಾತು ಬೈಗುಳಕ್ಕಿಂತ ಕಷ್ಟವಾಯಿತು.

"ಒಂದ ವರ್ಷಕ್ಕ ಮ್ಯಾಲಾತು ತಮ್ಮಾ. ಸೋಮವಾರ ಬಂದ್ರ ಬಾಗಲಾ ಹಾಕ್ಕೊಂಡು ಕುಂದರ್ತಿದ್ದೆ, ಭಜನಿ ಕಿವಿಗೆ ಬೀಳಬಾರ್ದು ಅಂತ." ಅವಳ ಕಣ್ಣು ತುಂಬಿತ್ತು, ಸಿಟ್ಟಿನಿಂದಲೋ ದುಃಖದಿಂದಲೋ ಅವನಿಗೆ ತಿಳಿಯಲಿಲ್ಲ. ಎರಡರಿಂದಲೂ ಇರಬೇಕು. "ನಿನ್ನ ಸಂಬಂಧ ನನ್ನ ಗಂಟಲಾ ನಾನ ನಂಬಲಿಲ್ಲಲ್ಲೋ."

ಆಮೇಲೆ ಎದ್ದು ಹಗ್ಗ ಬಿಚ್ಚಿದಳು. ಕೌದಿ ಒದರಿ ಪಕ್ಕಕ್ಕೆ ಎಸೆದಳು. "ತಗಿ ನಿನ್ನ ಹಡಪ."

ಹುಸೇನಪೀರ ಬಲಗಿವಿಗೆ ಅರಳೆ ತುರುಕಿದ. ಆದರೆ ಅರ ಹಿಡಿದ ಕೈ ಮುಂದೆ ಹೋಗಲಿಲ್ಲ. ಮೂವತ್ತೈದು ವರ್ಷ ಕೆಲಸವನ್ನೇ ಮಾಡದ ಎಡಗಿವಿ ಅದು. ಒಂದು ಕಿವಿ ಮೋಸ ಮಾಡಿದ ಮೇಲೆ ಇನ್ನೊಂದನ್ನು ನಂಬುವುದು ಹೇಗೆ? ಅದನ್ನೂ ಹೇಳಿದ. ಇವತ್ತು ಹೇಳುವ ದಿನವೇ ಆಗಿತ್ತು.

"ಹಂಗಾದ್ರ ನಾ ಹಾಡ್ತೀನಿ, ನೀ ಕೆರಿ," ಎಂದಳು ಕಾಶವ್ವ.

ಕೆಳಗಿನ ಸಾ ಹಿಡಿದು ಕಣ್ಣು ಮುಚ್ಚಿದಳು. ಒಂದು ವರ್ಷ ಮುಚ್ಚಿದ್ದ ಗಂಟಲು ಮೊದಲು ಗರಗರ ಎಂದಿತು. ಆಮೇಲೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಸಾ ಮೇಲೆ ಹೋಗಿ ನಿಂತಿತು. ಹುಸೇನಪೀರ ಅದೇ ಮನೆಯನ್ನು ಒತ್ತಿದ. ಪೇಟಿಯ ಸ್ವರ ಅವಳದಕ್ಕೆ ಬಡಿದು ಗಡಗಡ ನಡುಗಿತು. ರೀಡನ್ನು ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ. ಒಂದೆರಡು ಸಲ ಕೆರೆದು ಮತ್ತೆ ಒತ್ತಿದ.

"ಇನ್ನೂ ಮ್ಯಾಲ ಐತಿ," ಎಂದಳು.

ಮತ್ತೆ ಕೆರೆದ. ಕೇಳಲು ಬಗ್ಗಿದಾಗ ಹಳೆಯ ಚಾಳಿಗೆ ಬಲಗಿವಿಯೇ ಮುಂದೆ ಹೋಯಿತು. ಕಾಶವ್ವ ಹಾಡುತ್ತಲೇ ಅವನ ಗದ್ದ ಹಿಡಿದು ಎಡಗಿವಿ ಪೇಟಿಗೆ ಬರುವಂತೆ ಮುಖ ತಿರುಗಿಸಿದಳು, ಊಟ ಬೇಡವೆನ್ನುವ ಮಗುವಿನ ಮುಖ ತಿರುಗಿಸುವ ಹಾಗೆ. ಅವನಿಗೆ ಅಳು ಬಂತು. ತಡೆಯಲಿಲ್ಲ.

ಏಳನೆಯ ಸಲವೋ ಎಂಟನೆಯ ಸಲವೋ ನಡುಕ ನಿಂತಿತು. ಎರಡು ಸ್ವರ ಒಂದಾಗಿ ಕೂತವು. ಅವನು ತಿದಿಯಿಂದ ಕೈ ತೆಗೆದ ಮೇಲೂ ಕಾಶವ್ವ ನಿಲ್ಲಿಸಲಿಲ್ಲ. ಬಾಜುಮನೆಯವರು ಬಾಗಿಲಿಗೆ ಬಂದು ನಿಂತರು. ಎರಡರ ಬಸ್ಸು ಪೇಟಿ ಇಲ್ಲದೆಯೇ ಕಣಕುಂಬಿಗೆ ಹೋಯಿತು.

ಮೇಲಿನ ಸಪ್ತಕದ ಮನೆಗಳನ್ನೆಲ್ಲ ಮುಗಿಸಿ ಹೊರಡುವಾಗ ಅವಳು ಕೇಳಿದಳು, "ನನ್ನಂಗ ಇನ್ನೂ ಎಷ್ಟ ಮಂದಿ ಅದಾರ?"

"ಹದಿನಾರ ಮನಿ ಅಕ್ಕಾರ."

"ಮಳಿ ಗಿಳಿ ಅನಬ್ಯಾಡ. ಖರೇನ ಹೇಳು. ಯಾರ್‍ಯಾರು ಬಾಗಲಾ ಹಾಕ್ಕೊಂಡು ಕುಂತಾರೋ ಏನೋ."

ಸೋಮವಾರ ಏಳಕ್ಕೆಲ್ಲ ಹುಸೇನಪೀರ ಟಿಳಕವಾಡಿಯ ಬಾಗಿಲು ಬಡಿದ. ಪ್ರೊಫೆಸರರ ಮೈದುನ ಬೂಟಿನ ದಾರ ಕಟ್ಟುತ್ತಿದ್ದ. ಡಬ್ಬಿ ಅವನ ಬ್ಯಾಗಿನ ಮೇಲೆ ಕೂತಿತ್ತು.

"ಕಳಸಬ್ಯಾಡ್ರಿ ಸರ್. ಬಲಗಡೀದು ಖರಾಬ ಇಲ್ಲ. ಖರಾಬ ಆಗಿದ್ದು ನನ್ನ ಬಲಗಿವಿ. ಅವತ್ತ ಗೊತ್ತಾಗಿತ್ತು, ಹೇಳಲಿಲ್ಲ."

ಪ್ರೊಫೆಸರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕಿವಿಯ ಮಾತು ಅವರನ್ನು ಮುಟ್ಟಲು ಒಂದು ಗಳಿಗೆ ಹಿಡಿಯಿತು. ಅದಕ್ಕಿಂತ ಮೊದಲು ಮುಟ್ಟಿದ್ದು ಬೇರೆಯೇ.

"ಅಂದ್ರ ನನಗ ಕೇಳಿಸಿದ್ದ ಖರೇ ಇತ್ತೇನ್ರಿ?"

"ನಿಮಗ ಕೇಳಿಸಿದ್ದ ಖರೇ ಇತ್ರಿ."

ಅವರು ಡಬ್ಬಿ ಬಿಚ್ಚತೊಡಗಿದರು. ಹುಸೇನಪೀರ ಈ ಸಲ ಚಹಾಕ್ಕೆ ನಿಲ್ಲಲಿಲ್ಲ. ಕಿಸೆಯಲ್ಲಿ ಹೆಸರುಗಳ ಚೀಟಿ ಇತ್ತು. ಅದರಲ್ಲಿ ಕಾಶವ್ವನ ಕೆಳಗಿನ ಹೆಸರು ಅನಗೋಳದ ಸಿದರಾಯನದು. ಹಾಡು ಬಿಟ್ಟಿದ್ದಾನೋ ಹಾಡುತ್ತಿದ್ದಾನೋ ಗೊತ್ತಿರಲಿಲ್ಲ. ಹಡಪ ಹೆಗಲಿಗೆ ಏರಿಸಿಕೊಂಡು ಅನಗೋಳದ ಕಡೆ ನಡೆದ.