ಎರಡು ಚೀಲದ ಟಿಕೆಟ್

ಓರಿಯಾಕು ಟಿಕೆಟ್ ಆರಿಸಿದ್ದು ಚೀಲದ ಲೆಕ್ಕ ನೋಡಿ. ಎನುಗುವಿನ ಸಂತೆಯಲ್ಲಿ ಇಪ್ಪತ್ತೆಂಟು ವರ್ಷ ಒಣಮೀನು ಮಾರಿದ ಹೆಂಗಸು ಇನ್ನೇನು ನೋಡಿಯಾಳು? ಟಿಕೆಟ್ ಅಂಗಡಿಯ ಡೋಝಿ ಎರಡು ದಾರಿ ತೋರಿಸಿದ್ದ. ಎರಡರಲ್ಲೂ ಲೇಗೋಸಿನಿಂದ ಹೊರಟು, ಯುರೋಪಿನ ಒಂದು ಊರಿನಲ್ಲಿ ವಿಮಾನ ಬದಲಾಯಿಸಿ ಟೊರಾಂಟೊ ಸೇರಬೇಕು. ಮೊದಲನೆಯದು ಉದ್ದಕ್ಕೂ ಒಂದೇ ಟಿಕೆಟ್, ಆದರೆ ಒಂದೇ ಚೀಲ. ಎರಡನೆಯದು ಎರಡು ಕಂಪನಿಗಳ ಎರಡು ಬೇರೆ ಬೇರೆ ಟಿಕೆಟ್, ಚೀಲವೂ ಎರಡು.

"ಎರಡನೇದ್ರಲ್ಲಿ ನಡುವೆ ಸ್ವಲ್ಪ ತೊಂದ್ರೆ ಇದೆ, ಮಾಮಾ ಎಬೆಲೆ," ಎಂದು ಡೋಝಿ ಬಾಯಿ ತೆರೆಯುವಷ್ಟರಲ್ಲೇ ಅವಳು ಕೈ ಅಡ್ಡ ಹಿಡಿದಿದ್ದಳು. ಮಗಳು ಎಬೆಲೆ ಹುಟ್ಟಿದಂದಿನಿಂದ ಊರಿಗೆಲ್ಲ ಅವಳು ಮಾಮಾ ಎಬೆಲೆ, ಅಂದರೆ ಎಬೆಲೆಯ ಅಮ್ಮ.

"ತೊಂದ್ರೆ ನಂಗೇನು ಹೊಸದಾ? ಬಾಣಂತನಕ್ಕೆ ಹೋಗೋಳು ಒಂದೇ ಚೀಲ ಹಿಡ್ಕೊಂಡು ಹೋದ್ರೆ ನೋಡ್ದವರು ಏನಂತಾರೆ? ಎರಡು ಚೀಲದ್ದೇ ಮಾಡು."

ಅವನು ಮಾತು ಮುಗಿಸಲೇ ಇಲ್ಲ. ಇವಳು ಮುಗಿಸಲು ಬಿಟ್ಟರೆ ತಾನೆ?

ಮಗಳು ಹೆತ್ತರೆ ತಾಯಿ ಹೋಗಿ ಒಮುಗ್ವೊ ಮಾಡಬೇಕು. ಬಾಣಂತಿಯ ಹೊಟ್ಟೆಗೆ ಸುಡುನೀರಿನ ಶಾಖ ಕೊಡಬೇಕು, ಖಾರದ ಸಾರು ಕುಡಿಸಬೇಕು, ಮಗುವಿಗೆ ಎರೆಯಬೇಕು. ತಾಯಿ ಹೋಗದಿದ್ದರೆ ಆ ಪಾಲು ಗಂಡನ ತಾಯಿಗೆ. ಅಳಿಯ ಕೆಲೆಚಿಯ ತಾಯಿ, ಒವೆರಿಯಲ್ಲಿರುವ ಬೀಗಿತ್ತಿ ಮಾಮಾ ಕೆಲೆಚಿಯ ಬಳಿ ಹೋದ ವರ್ಷವೇ ತೆಗೆದ ಕೆನಡಾ ವೀಸಾ ಇನ್ನೂ ಇತ್ತು. "ನಿಮಗೆ ಆಗದಿದ್ರೆ ಹೇಳಿಬಿಡಿ ಬೀಗಿತ್ತಿ, ನಾನಿದೀನಿ," ಎಂದು ಆಕೆ ಫೋನಿನಲ್ಲಿ ಎರಡು ಸಲ ಹೇಳಿಯಾಗಿತ್ತು. ಆ ಸಿಹಿಮಾತಿನ ಒಳಗೇನಿದೆ ಎಂದು ಓರಿಯಾಕುವಿಗೆ ಗೊತ್ತಾಗದೆ ಇರುತ್ತದೆಯೇ?

ಹಾಗಾಗಿ ಚೀಲಗಳು ತುಂಬಿದವು. ಬಾಣಂತಿಯ ಖಾರದ ಸಾರಿಗೆ ಉದಾ ಕಾಯಿ, ಉಝಿಝಾ ಕಾಳು, ತನ್ನ ಕೈಯಾರೆ ಹೊಗೆ ಹಾಕಿದ ಬೆಕ್ಕುಮೀನು, ಕುಟ್ಟಿದ ಸೀಗಡಿ, ಗೆಣಸು, ತಾಳೆ ಎಣ್ಣೆ. ಎಲ್ಲದರ ನಡುವೆ ಬಟ್ಟೆ ಸುತ್ತಿದ ಒಂದು ಎನಾಮಲ್ ಬೋಗುಣಿ, ನೀಲಿ ಅಂಚಿನದು. ಓರಿಯಾಕುವಿಗೆ ಅವಳ ತಾಯಿ ಎರೆದದ್ದು ಅದರಲ್ಲಿ. ಎಬೆಲೆಗೆ ಇವಳು ಎರೆದದ್ದೂ ಅದರಲ್ಲೇ.

ಮಗು ಹುಟ್ಟಿ ಹನ್ನೊಂದು ದಿನವಾಗಿತ್ತು. ಹೊರಡುವ ಹಿಂದಿನ ದಿನ ಎಬೆಲೆ ಫೋನಿನಲ್ಲಿ ಮಾತಿಗಿಂತ ಹೆಚ್ಚು ಅತ್ತಿದ್ದಳು. "ಅಮ್ಮ, ಇವಳು ಮೊಲೆ ಹಿಡೀತಿಲ್ಲ. ಕೆಲೆಚಿ ಸೋಮವಾರದಿಂದ ಕೆಲ್ಸಕ್ಕೆ ಹೋಗ್ತಾರೆ. ನಂಗೆ ಭಯ ಆಗ್ತಿದೆ."

"ನಾನು ಭಾನುವಾರ ಬಾಗಿಲಲ್ಲಿರ್ತೀನಿ," ಎಂದಿದ್ದಳು ಓರಿಯಾಕು.

ಶನಿವಾರ ರಾತ್ರಿ ಲೇಗೋಸಿನ ವಿಮಾನ ನಿಲ್ದಾಣದಲ್ಲಿ ತಂಗಿ ಉಲೊಮಾ ಜೊತೆಗಿದ್ದಳು. ಕೌಂಟರಿನ ಹುಡುಗಿಯ ಎದೆಯ ಮೇಲೆ ಮೊರೆನಿಕೆ ಎಂಬ ಹೆಸರಿತ್ತು. ಅವಳು ಪಾಸ್‌ಪೋರ್ಟ್ ತಿರುವಿ ಹಾಕಿ, ಟಿಕೆಟ್ ನೋಡಿ, ಮತ್ತೆ ಪಾಸ್‌ಪೋರ್ಟ್ ತಿರುವಿದಳು.

"ಮಮ್ಮಿ, ನಡುವೆ ಇಳಿಯೋ ದೇಶದ ವೀಸಾ ಎಲ್ಲಿ?"

"ಅಲ್ಲಿಗೆ ನಾನ್ಯಾಕೆ ಹೋಗ್ಲಿ? ನಾನು ಹೋಗ್ತಿರೋದು ಕೆನಡಾಕ್ಕೆ. ಅದರ ವೀಸಾ ಇದೆಯಲ್ಲ."

"ನೀವು ಹೋಗಲ್ಲ ಮಮ್ಮಿ, ನಿಮ್ಮ ಚೀಲ ಹೋಗುತ್ತೆ." ಮೊರೆನಿಕೆ ಸಮಾಧಾನದಿಂದಲೇ ಹೇಳಿದಳು. "ಟಿಕೆಟ್ ಎರಡು ಬೇರೆ ಬೇರೆ. ಇಲ್ಲಿ ಕೊಟ್ಟ ಚೀಲ ಆ ಊರಲ್ಲೇ ಹೊರಗೆ ಬೀಳುತ್ತೆ. ನೀವು ಹೊರಗೆ ಹೋಗಿ ತಗೊಂಡು, ಇನ್ನೊಂದು ಕಂಪನಿಗೆ ಮತ್ತೆ ಕೊಡಬೇಕು. ಹೊರಗೆ ಕಾಲಿಡೋಕೆ ಆ ದೇಶದ ವೀಸಾ ಬೇಕು. ಅದಿಲ್ದೆ ನಾನು ನಿಮ್ಮನ್ನ ಹತ್ತಿಸೋ ಹಾಗಿಲ್ಲ."

ಡೋಝಿ ಹೇಳಲು ಹೊರಟ ತೊಂದರೆ ಯಾವುದೆಂದು ಓರಿಯಾಕುವಿಗೆ ಈಗ ತಿಳಿಯಿತು. ತಪ್ಪು ತನ್ನದೇ ಎಂದು ಗೊತ್ತಾದಾಗ ಬೈಯಲು ಯಾರೂ ಸಿಗುವುದಿಲ್ಲ, ಅದೊಂದು ಸಂಕಟ.

"ಚೀಲ ಇಲ್ದೆ ಹೋದ್ರೆ?" ಎಂದು ಉಲೊಮಾ ಕೇಳಿದಳು.

"ಚೀಲ ಇಲ್ದಿದ್ರೆ ಹೊರಗೆ ಹೋಗೋ ಕೆಲಸವೇ ಇಲ್ಲ. ಒಳಗಿಂದೊಳಗೇ ಮುಂದಿನ ವಿಮಾನ ಹತ್ತಬಹುದು. ಕೆನಡಾ ವೀಸಾ ಇರೋರಿಗೆ ಅಷ್ಟಕ್ಕೆ ಬೇರೆ ವೀಸಾ ಕೇಳಲ್ಲ. ಎರಡನೇ ವಿಮಾನದ ಬೋರ್ಡಿಂಗ್ ಪಾಸ್ ಇದೆಯಾ?"

ಇತ್ತು. ಪುಣ್ಯಾತ್ಮ ಡೋಝಿ ಅದನ್ನೂ ಮುದ್ರಿಸಿ ಕೊಟ್ಟಿದ್ದ.

"ಹಾಗಾದ್ರೆ ಕೈಚೀಲ ಒಂದೇ, ಎಂಟು ಕಿಲೋ. ಕೌಂಟರ್ ಮುಚ್ಚೋಕೆ ಇನ್ನು ಮೂವತ್ತು ನಿಮಿಷ ಇದೆ, ಮಮ್ಮಿ. ಯೋಚನೆ ಮಾಡಿ."

ಓರಿಯಾಕು ಪಕ್ಕಕ್ಕೆ ಬಂದು ದೊಡ್ಡ ಚೀಲದ ಮೇಲೇ ಕುಳಿತಳು. "ಕೈಬೀಸಿಕೊಂಡು ಹೋಗ್ಲಾ ಉಲೊಮಾ? ಮಾಮಾ ಕೆಲೆಚಿ ಒವೆರಿ ತುಂಬಾ ಡಂಗುರ ಹೊಡೀತಾಳೆ. ವೀಸಾ ಮಾಡಿಸ್ಕೊಂಡು ಮುಂದಿನ ತಿಂಗಳು ಹೋದ್ರೆ ಆಗಲ್ವಾ?"

"ಮುಂದಿನ ತಿಂಗಳು ಆಕೆ ಅಲ್ಲಿರ್ತಾಳೆ, ನೀನು ಇಲ್ಲಿರ್ತೀಯ," ಎಂದಳು ಉಲೊಮಾ. "ಅಕ್ಕ, ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡ. ಎಬೆಲೆ ನಿನ್ನೆ ಫೋನಲ್ಲಿ ಏನು ಬೇಕು ಅಂದ್ಲು? ಮೀನು ಅಂದ್ಲಾ?"

ಮಗಳು ಮೀನಿನ ಸುದ್ದಿಯನ್ನೇ ಎತ್ತಿರಲಿಲ್ಲ. ಭಯ ಆಗುತ್ತಿದೆ ಎಂದಿದ್ದಳು, ಅಷ್ಟೇ.

ಓರಿಯಾಕು ಎದ್ದಳು. ಟೊರಾಂಟೊದ ಚರ್ಚಿನಲ್ಲಿ ಮೆರೆಯಲೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದ ಸೀರೆಯಂಥ ಎರಡು ಉಡುಬಟ್ಟೆಗಳನ್ನು ತೆಗೆದು, ಉಟ್ಟಿದ್ದರ ಮೇಲೆಯೇ ಸುತ್ತಿಕೊಂಡಳು. ರವಿಕೆಯ ಮೇಲೆ ರವಿಕೆ ಬಂತು. ಖಾಲಿಯಾದ ಜಾಗಕ್ಕೆ ಉದಾ, ಉಝಿಝಾ, ಶಾಖ ಕೊಡುವ ದಪ್ಪ ಟವೆಲು ಇಳಿದವು. ಕೊನೆಗೆ ಬೋಗುಣಿ ಎತ್ತಿ ಕೈಚೀಲಕ್ಕೆ ಹಿಡಿದು ನೋಡಿದಳು. ಅರ್ಧವೂ ಹೋಗಲಿಲ್ಲ. ಓರೆ ಮಾಡಿದಳು, ಒತ್ತಿದಳು. ಮೊರೆನಿಕೆ ಕೌಂಟರಿನಿಂದಲೇ ಮೆಲ್ಲಗೆ ತಲೆ ಅಲ್ಲಾಡಿಸಿದಳು.

ಉಲೊಮಾ ಬೋಗುಣಿಯನ್ನು ತೆಗೆದುಕೊಂಡಳು. "ಚೀಲಗಳ ಜೊತೆ ಇದೂ ನನ್ನ ಮನೇಲಿರುತ್ತೆ. ಮಗೂನೇ ಒಂದಿನ ಬಂದು ಇದರಲ್ಲಿ ಕೂತ್ಕೊಳ್ಲಿ."

"ಅಷ್ಟು ಹೊತ್ತಿಗೆ ಅವಳಿಗೆ ಬೋಗುಣಿ ಟೋಪಿ ಆಗಿರುತ್ತೆ," ಎಂದಳು ಓರಿಯಾಕು. ನಗಲು ಹೋಗಿ ಅತ್ತುಬಿಟ್ಟಳು. ಅತ್ತುಕೊಂಡೇ ಕೌಂಟರಿಗೆ ಹೋದಳು.

ಮೊರೆನಿಕೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಮಮ್ಮಿ, ಹತ್ತು ಕಿಲೋ ದಪ್ಪ ಆಗಿದೀರ."

"ಮೈಯನ್ನೂ ತೂಗ್ತೀಯೇನೇ?"

"ಇಲ್ಲ. ಹೋಗಿ ಬನ್ನಿ. ಅಲ್ಲಿ ಇಳಿದ ಮೇಲೆ ಹೊರಗೆ ಅಂತ ಬರೆದಿರೋ ಕಡೆ ಹೋಗ್ಬೇಡಿ."

ಹೋಗಲಿಲ್ಲ. ಆ ಊರಿನಲ್ಲಿ ಆರು ಗಂಟೆ ಗಾಜಿನ ಪಕ್ಕದ ಕುರ್ಚಿಯೊಂದರಲ್ಲಿ ಕೈಚೀಲ ಅಪ್ಪಿಕೊಂಡು ಕುಳಿತಳು. ಊರು ಹೇಗಿದೆ ಎಂದು ಕಣ್ಣೆತ್ತಿಯೂ ನೋಡಲಿಲ್ಲ. ಅದರ ಮೇಲೆ ಅವಳಿಗೆ ಅಷ್ಟು ಕೋಪ.

ಭಾನುವಾರ ಮಧ್ಯಾಹ್ನ ಟೊರಾಂಟೊದ ಹದಿನಾಲ್ಕನೇ ಮಹಡಿಯಲ್ಲಿ ಎಬೆಲೆ ಬಾಗಿಲು ತೆರೆದಳು. ತಲೆ ಬಾಚಿರಲಿಲ್ಲ, ಕಣ್ಣು ಊದಿತ್ತು. ದಾರಿಯುದ್ದಕ್ಕೂ ಓರಿಯಾಕು ಒಂದು ಮಾತನ್ನು ಜೋಡಿಸಿಕೊಂಡು ಬಂದಿದ್ದಳು. ಮಗಳನ್ನು ಕಂಡೊಡನೆ ಎಲ್ಲ ಚೆಲ್ಲಿಹೋಯಿತು.

"ಎಬೆಲೆ, ನಿನ್ನ ಅಮ್ಮ ಕೈಬೀಸಿಕೊಂಡು ಬಂದ್ಲು ಕಣೇ. ಮೀನಿಲ್ಲ, ಎಣ್ಣೆ ಇಲ್ಲ. ಬೋಗುಣೀನೂ ಬಿಟ್ಟು ಬಂದೆ. ದುರಾಸೆಗೆ ಬಿದ್ದು ಕೆಡಿಸ್ಕೊಂಡೆ."

ಎಬೆಲೆ ತಾಯಿಯ ಎರಡೂ ಕೈ ಹಿಡಿದು, ಒಳಗೆ ಎಳೆದುಕೊಂಡು, ತನ್ನ ನೋಯುವ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹಾಗೇ ನಿಂತಳು. ಮೀನಿನ ಉಪ್ಪಿಗೆ ಒರಟಾದ ಕೈಗಳು ಅವು.

"ಇವನ್ನ ಬಿಟ್ಟು ಬಂದಿಲ್ವಲ್ಲ," ಎಂದಳು ಕೊನೆಗೆ.

ಒಳಗೆ ಮಗು ಅಳತೊಡಗಿತು. ಓರಿಯಾಕು ಮೂಗೊರೆಸಿಕೊಂಡು ಮೇಲಿನ ಉಡುಬಟ್ಟೆ ಬಿಚ್ಚಿದಳು, ಅದರ ಕೆಳಗಿನದನ್ನೂ ಬಿಚ್ಚಿದಳು.

"ಈ ದೇಶದಲ್ಲಿ ಬಿಸಿನೀರು ಸಿಗುತ್ತಾ?"

"ಸಿಗುತ್ತಮ್ಮ."

"ಹಾಗಾದ್ರೆ ಕಾಯೋಕಿಟ್ಟು ಬಾ, ಕೈ ಸುಡೋಷ್ಟು. ಮೊದ್ಲು ಆ ಹುಡುಗೀನ ಇಲ್ಲಿ ಕೊಡು."